ಹೊತ್ತು ಮುಳುಗುವ ಮುಂಚಿನ ಮಾತ್ರೆ

ನಮ್ಮಕ್ಕ ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರು ಸಹ ಕುಡಿಯುವವಳಲ್ಲ. 'ಕುಡಿಯುವವಳಾಗಿರಲಿಲ್ಲ' ಎಂದು ಬರೆಯಬೇಕೋ, ಈಗ ಮತ್ತೆ 'ಅಲ್ಲ' ಎಂದೇ ಬರೆಯಬಹುದೋ, ನನಗೆ ತಿಳಿಯುತ್ತಿಲ್ಲ. ನಡುವೆ ಎರಡೂವರೆ ತಿಂಗಳು ಕುಡಿದಳು. ಕುಡಿಸಿದವಳು ನಾನು.

ನಾವು ಜೈನರು. ನಮ್ಮ ತಂದೆಯದು ಹೊಳೆನರಸೀಪುರದಲ್ಲಿ ಬಟ್ಟೆ ಅಂಗಡಿ. ಕತ್ತಲಾಗುವುದರೊಳಗೆ ಉಣ್ಣುವುದು ನಮ್ಮ ಮನೆಯಲ್ಲಿ ಹಲ್ಲುಜ್ಜುವಷ್ಟೇ ಸಹಜವಾಗಿತ್ತು, ಯಾರೂ ಅದನ್ನು ವ್ರತ ಎಂದು ಕರೆಯುತ್ತಿರಲಿಲ್ಲ. ನಿಯಮವಾಗಿ ತೆಗೆದುಕೊಂಡವಳು ಅಕ್ಕ. ಭಾವ ತೀರಿಕೊಂಡ ವರ್ಷ, ಬೆಟ್ಟದ ಬುಡದಲ್ಲಿ ಸನ್ಯಾಸಿನಿಯಾದ ಒಬ್ಬ ಮಾತಾಜಿಯ ಮುಂದೆ ಕೈಮುಗಿದು ಕೂತು, ಅನ್ನ, ಹಣ್ಣು, ಹಾಲು, ನೀರು ಯಾವುದೂ ಸೂರ್ಯ ಇಲ್ಲದ ಹೊತ್ತಿನಲ್ಲಿ ಬಾಯಿಗೆ ಸೋಕುವುದಿಲ್ಲ ಎಂದು ಹೇಳಿ ಬಂದಳು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಜ್ವರದಲ್ಲಿ ಬಿಡಲಿಲ್ಲ, ಕಣ್ಣಿನ ಪೊರೆ ತೆಗೆಸಿದಾಗ ಬಿಡಲಿಲ್ಲ. ಬಸ್ಸು ಕೆಟ್ಟು ದಾರಿಯಲ್ಲಿ ಹೊತ್ತು ಮುಳುಗಿದರೆ ಮಡಿಲಲ್ಲಿದ್ದ ಬುತ್ತಿಯನ್ನು ಪಕ್ಕದ ಸೀಟಿನ ಮಕ್ಕಳಿಗೆ ಕೊಟ್ಟು ಸುಮ್ಮನೆ ಕೂರುತ್ತಿದ್ದಳು.

ನಾನು ಮಾತ್ರ ಒಂಬತ್ತನೇ ವಯಸ್ಸಿಗೇ ಕೆಟ್ಟೆ. ಅಮ್ಮನಿಗೆ ಕಾಯಿಲೆ. ಅಕ್ಕ ಶಾಲೆ ಬಿಟ್ಟು ಒಲೆ ಮುಂದೆ ಕೂತಳು, ನನ್ನನ್ನು ಹಾಸನದ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಸಪ್ಪರ್ ಏಳು ಗಂಟೆಗೆ. ಮೊದಲ ಸಂಜೆ ಟ್ಯೂಬ್‌ಲೈಟಿನ ಕೆಳಗೆ ತಟ್ಟೆ ಇಟ್ಟುಕೊಂಡು ನಾನು ಅತ್ತೆ. ಸಿಸ್ಟರ್ ಒಬ್ಬರು ಬಂದು, "ವಾಟ್ ಈಸ್ ಇಟ್, ಚೈಲ್ಡ್?" ಎಂದರು. ಹೊರಗೆ ಕತ್ತಲಾಗಿದೆ ಅನ್ನುವುದಕ್ಕೆ ನನಗೆ ಇಂಗ್ಲಿಷ್ ಬರಲಿಲ್ಲ. ಕಿಟಕಿ ತೋರಿಸಿದೆ. ಅವರು ಕತ್ತಲಿಗೆ ಹೆದರಿದ್ದಾಳೆ ಎಂದುಕೊಂಡು ಕಿಟಕಿ ಮುಚ್ಚಿದರು. ಉಂಡೆ. ಮೂರು ದಿನಕ್ಕೆ ಅಭ್ಯಾಸವಾಯಿತು. ದಸರಾ ರಜೆಗೆ ಊರಿಗೆ ಹೋದಾಗ ಅಕ್ಕನಿಗೆ ಮಾತ್ರ ಹೇಳಿದೆ. ಅವಳಿಗಾಗ ಹದಿನಾರು. "ನೀನು ಓದು. ನಿನ್ನ ಪಾಲಿನದೂ ನಾನು ನಡೆಸ್ತೀನಿ" ಅಂದಳು. ಹುಡುಗಾಟದ ಮಾತು. ಆದರೆ ನನ್ನ ಮನಸ್ಸಿನಲ್ಲಿ ಅದು ಎಲ್ಲೋ ಕೂತುಬಿಟ್ಟಿದೆ.

ಹಾಗೆ ಅವಳು ಓದದೆ, ನಾನು ಓದಿ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟು, ಮದುವೆ ಗಿದುವೆ ಅಂತ ಏನೂ ಆಗದೆ, ಹಾಸನದಲ್ಲೇ ಒಂದು ಮಹಡಿ ಮನೆಯಲ್ಲಿ ಉಳಿದುಕೊಂಡೆ. ಅಕ್ಕ ಚನ್ನರಾಯಪಟ್ಟಣದಲ್ಲಿ ಮಗ ಸೊಸೆಯ ಜೊತೆ. ಅವರದು ಪಾತ್ರೆ ಅಂಗಡಿ. ಆ ಮನೆಗೆ ಇಂಗ್ಲಿಷಿನಲ್ಲಿ ಏನು ಬಂದರೂ, ಬ್ಯಾಂಕಿನ ಕಾಗದವಾಗಲಿ ಮಿಕ್ಸಿಯ ಗ್ಯಾರಂಟಿ ಕಾರ್ಡಾಗಲಿ, ಎತ್ತಿಟ್ಟು ನಾನು ಹೋದಾಗ ನನ್ನ ಮುಂದೆ ಹಿಡಿಯುವವಳು ಅಕ್ಕ. ನಾನು ಏನು ಹೇಳಿದರೆ ಅದೇ. "ಅವಳು ಓದಿದವಳು" ಎಂದು ಸೊಸೆಗೆ ಹೇಳುವಾಗ ಅವಳ ದನಿಯಲ್ಲಿ ತಾನೇ ಓದಿದಷ್ಟು ಹೆಮ್ಮೆ.

ಅಕ್ಕನಿಗೆ ಥೈರಾಯ್ಡ್ ಬಂದು ಏಳೆಂಟು ವರ್ಷ. ಬೆಳಿಗ್ಗೆ ಎಂಪ್ಟಿ ಸ್ಟಮಕ್‌ನಲ್ಲಿ ಒಂದು ಪುಟ್ಟ ಮಾತ್ರೆ, ಆಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಏನೂ ತಿನ್ನದಿರುವುದು ಅಕ್ಕನಿಗೆ ಕಷ್ಟವೇ? ಹೊತ್ತು ಹುಟ್ಟುವುದನ್ನೇ ಕಾಯ್ದು, ಹಿತ್ತಿಲ ಬಾಗಿಲಲ್ಲಿ ಬೆಳಕು ಬಿದ್ದ ಮೇಲೆ ನುಂಗಿ, ಸ್ನಾನ ಮಾಡಿ, ಬಸದಿಗೆ ಹೋಗಿ ಬಂದು ತಿಂಡಿ ತಿನ್ನುತ್ತಿದ್ದಳು. ಎಲ್ಲ ಸರಿಯಾಗಿತ್ತು.

ಆಮೇಲೆ ಕಾಲು ಹಿಡಿದುಕೊಳ್ಳಲು ಶುರುವಾಯಿತು. ಮಲಗಿದ ಮೇಲೆ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಎದ್ದು ನಿಲ್ಲಲೂ ಆಗದು ಎಂದಳು. ಹೊಳೆನರಸೀಪುರದಲ್ಲಿ ನಮ್ಮ ತಂದೆಯ ಕಾಲದಿಂದ ಗೊತ್ತಿದ್ದ ಮನೆತನದ ಮೂಳೆ ಡಾಕ್ಟರೊಬ್ಬರಿದ್ದಾರೆ. ನಾನೇ ಕರೆದುಕೊಂಡು ಹೋದೆ. ಅವರು ಕಾಲು ಒತ್ತಿ ನೋಡಿ, "ಬಿಪಿ, ಶುಗರ್ ಏನಾದ್ರೂ ಇದೆಯಾ?" ಎಂದು ಕೇಳಿದರು.

"ನೋ ಬಿಪಿ, ನೋ ಶುಗರ್, ಡಾಕ್ಟರ್," ಎಂದೆ. ಎಷ್ಟು ಜಂಬದಿಂದ ಹೇಳಿದೆನೋ! ಎಪ್ಪತ್ತೆಂಟು ವರ್ಷದವಳಿಗೆ ಎರಡೂ ಇಲ್ಲ ಎಂಬುದು ನನ್ನದೇ ಸಾಧನೆ ಎಂಬಂತೆ. ಥೈರಾಯ್ಡ್ ಇದೆಯಾ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಕ್ಕ ಬಾಯಿ ತೆರೆದಿದ್ದಳು, ನೆನಪಿದೆ ನನಗೆ. ನಾನು ಮಾತಾಡುತ್ತಿದ್ದೇನೆಂದು ಮುಚ್ಚಿಕೊಂಡಳು.

ಮೆಗ್ನೀಸಿಯಂ ಬರೆದುಕೊಟ್ಟರು. ದಿನಾ ಒಂದು, ಮಲಗುವಾಗ.

"ರಾತ್ರಿ ಆಗಲ್ಲ ಡಾಕ್ಟ್ರೇ," ಎಂದಳು ಅಕ್ಕ.

"ಮಾತ್ರೆ ಏನು ಊಟಾನೇನಮ್ಮ?"

"ನುಂಗಕ್ಕೆ ನೀರು ಬೇಕಲ್ಲ."

"ಒಂದು ಗುಟುಕು."

"ಒಂದು ಗುಟುಕಾದ್ರೂ ನೀರು ನೀರೇ ಅಲ್ವಾ?"

ಡಾಕ್ಟರು ನಕ್ಕು ನನ್ನ ಮುಖ ನೋಡಿದರು. ನಾನು, "ಐ ವಿಲ್ ಮ್ಯಾನೇಜ್ ದ ಟೈಮಿಂಗ್, ಡಾಕ್ಟರ್," ಎಂದೆ.

ಮ್ಯಾನೇಜ್ ಮಾಡಿದೆ. ಮಗ ಸೊಸೆ ಇಬ್ಬರೂ ಒಂಬತ್ತಕ್ಕೆಲ್ಲ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನಕ್ಕೆ ಇಟ್ಟರೆ ಅಕ್ಕ ಮರೆಯುತ್ತಾಳೆ. ರಾತ್ರಿ ನಿಯಮ ಅಡ್ಡ ಬರುತ್ತದೆ. ಮನೆಯಲ್ಲಿ ಎಲ್ಲರೂ ಇರುವ ಹೊತ್ತು ಬೆಳಿಗ್ಗೆ, ಅಕ್ಕ ಎಂದೂ ತಪ್ಪಿಸದಿರುವುದು ಆಗಿನ ಆ ಒಂದು ಲೋಟ ನೀರು. ಅದರಲ್ಲೇ ಎರಡೂ ನುಂಗಿದರಾಯಿತು! ಟೈಮ್‌ಟೇಬಲ್ ಹಾಕುವುದರಲ್ಲಿ ಬೋರ್ಡಿಂಗಿನವರನ್ನು ಮೀರಿಸುವವರು ಯಾರು? ಸೀರೆ ಡಬ್ಬದ ಮುಚ್ಚಳದ ಒಳಮೈ ಬಿಳಿಯಾಗಿತ್ತು. ಅದನ್ನು ಕತ್ತರಿಸಿ, ಸ್ಕೇಲಿಟ್ಟು ಗೆರೆ ಎಳೆದು, ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ, ಆದರೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ: 'ಹೊತ್ತು ಹುಟ್ಟಿದ ಮೇಲೆ. ಬರೀ ಹೊಟ್ಟೆಯಲ್ಲಿ. ೧. ಚಿಕ್ಕ ಬಿಳಿ ಮಾತ್ರೆ. ೨. ದೊಡ್ಡ ಮಾತ್ರೆ.' ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸೂರ್ಯ ಕೂಡ ಬಿಡಿಸಿದೆ. ಅಡುಗೆ ಮನೆಯ ಗೋಡೆಗೆ ಅಂಟಿಸಿದಾಗ ಅಕ್ಕ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, "ನನ್ನ ನಿಯಮ ಉಳಿಸಿದೆ ಕಣೇ," ಎಂದಳು.

ಅವಳ ಆ ಮಾತನ್ನು ನೆನೆಸಿಕೊಂಡರೆ ನನಗೆ ಈಗ ತಲೆ ಎತ್ತಲಾಗುವುದಿಲ್ಲ.

ಮೊದಲ ತಿಂಗಳು ಕಾಲು ಹಿಡಿಯುವುದು ಕಡಿಮೆಯಾಯಿತು. ಅಕ್ಕ ಫೋನ್ ಮಾಡಿ ಹೇಳಿದಳು, ನಾನು ಹಿಗ್ಗಿದೆ. ಮೂರನೆಯ ತಿಂಗಳಿಗೆ ಏಪ್ರಿಲ್ ಬಿಸಿಲಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಬಚ್ಚಲಿನ ಜಾಲರಿಯಲ್ಲಿ ಕೂದಲ ಉಂಡೆ. ದನಿ ಒಡೆದು ಗೊಗ್ಗರಾಯಿತು. ಬಸದಿಯಿಂದ ಬಂದವಳೇ ತಿಂಡಿಯನ್ನೂ ತಿನ್ನದೆ ಮಲಗಿಬಿಡುತ್ತಾಳೆ ಎಂದು ಸೊಸೆ ಹೇಳಿದಳು. ಒಂದು ದಿನ ನಾನಿದ್ದಾಗಲೇ ಜಪಕ್ಕೆ ಕೂತವಳು ಣಮೋಕಾರ ಮಂತ್ರದ ನಡುವೆ ನಿಂತುಬಿಟ್ಟಳು. ಮುಂದಿನ ಸಾಲು ಬರಲಿಲ್ಲ. ಮಾತು ಕಲಿಯುವಾಗಲೇ ಕಲಿತ ಐದು ಸಾಲು. ನನ್ನ ಕಡೆ ತಿರುಗಿ, "ಮುಂದೆ ಏನೇ?" ಎಂದಳು. ಹೇಳಿದೆ. 

ಹಾಸನಕ್ಕೆ ಕರೆದುಕೊಂಡು ಬಂದು ಥೈರಾಯ್ಡ್ ನೋಡುವ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಏರಿತ್ತು, ಅಂದರೆ ಮಾತ್ರೆ ಸಾಲುತ್ತಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಅವರು ಕೇಳಿದ್ದು ಅಕ್ಕನನ್ನು. ಉತ್ತರ ಕೊಟ್ಟಿದ್ದು ನಾನು. "ಎವ್ರಿ ಡೇ, ಡಾಕ್ಟರ್. ಎಂಪ್ಟಿ ಸ್ಟಮಕ್. ವಿತೌಟ್ ಫೇಲ್."

"ಎನಿ ಅದರ್ ಮೆಡಿಸಿನ್ಸ್?"

"ನೋ, ಡಾಕ್ಟರ್."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮೆಗ್ನೀಸಿಯಂ ಎಂದರೆ ಸಪ್ಲಿಮೆಂಟ್, ಅದು ಮೆಡಿಸಿನ್ ಅಲ್ಲ ಎಂದು ನನ್ನ ತಲೆಯಲ್ಲಿತ್ತು. ಸತ್ವದ ಮಾತ್ರೆ, ಹಣ್ಣು ತಿಂದ ಹಾಗೆ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ ಎಂದೇ ನಂಬಿದ್ದೆ. ಅಕ್ಕ ಪಕ್ಕದ ಕುರ್ಚಿಯಲ್ಲಿ ಬ್ಯಾಗು ತಬ್ಬಿಕೊಂಡು, ಒಮ್ಮೆ ಅವರ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತ ಕೂತಿದ್ದಳು.

ಡೋಸ್ ಏರಿಸಿದರು. ಐವತ್ತು ಇದ್ದದ್ದು ಎಪ್ಪತ್ತೈದಾಯಿತು, ಆರೇಳು ವಾರ ಬಿಟ್ಟು ನೂರಾಯಿತು. ಅಕ್ಕ ಏಳಲಿಲ್ಲ. ಪಾದ ಊದಿಕೊಂಡಿತು. ಬಸದಿಗೆ ಹೋಗುವುದು ನಿಂತಿತು.

ಆಗ ಎಲ್ಲರ ಕಣ್ಣು ಬಿದ್ದದ್ದು ಅವಳ ನಿಯಮದ ಮೇಲೆ. ಮಗ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುತ್ತಲೇ ಶುರುಮಾಡಿದ, "ಚಿಕ್ಕಮ್ಮ, ನೀವಾದ್ರೂ ಹೇಳಿ. ಸಾಯಂಕಾಲ ಐದೂವರೆಗೆ ಉಂಡ್ರೆ ಮಾರನೇ ದಿನ ಎಂಟರವರೆಗೂ ಹೊಟ್ಟೆಗೆ ಏನೂ ಇಲ್ಲ. ಈ ವಯಸ್ಸಲ್ಲಿ ತಡಿಯುತ್ತಾ? ನಾವೇ ಅಂಗಡೀಲಿ ಗಂಟೆಗೊಂದು ಸಲ ಟೀ ಕುಡೀತೀವಿ."

ಸೊಸೆ ಅರಕಲಗೂಡಿನ ಕಡೆಯವಳು, ಬಾಯಿ ಜೋರು, ಮನಸ್ಸು ಒಳ್ಳೆಯದು. "ನಮ್ಮಜ್ಜಿಗೂ ಅರಕಲಗೂಡಲ್ಲಿ ಹಿಂಗೇ ಆಗಿತ್ತು. ದೇವರು ಬಂದು ಲೋಟ ಎಣಿಸ್ತಾನಾ ಅಂತ ನಮ್ಮಪ್ಪ ಬೈದು ರಾತ್ರಿ ಹಾಲು ಕುಡಿಸಿದ್ಮೇಲೇ ಎದ್ದು ಓಡಾಡಿದ್ದು. ಅತ್ತೆ ನಮ್ಮ ಮಾತೆಲ್ಲಿ ಕೇಳ್ತಾರೆ? ನಾವೇನು ಕಾನ್ವೆಂಟಲ್ಲಿ ಓದಿದೀವಾ?"

ಕುಟುಕಿದಳೋ ಬೇಡಿದಳೋ, ಎರಡೂ ಇತ್ತು. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮುದುಕರು ಉಪವಾಸ ಇದ್ದರೆ ಏನಾಗುತ್ತದೆ ಎಂದು ಹುಡುಕಿದೆ. ಅದಕ್ಕೆ ಬೇಕಾದಷ್ಟು ಉತ್ತರ ಸಿಕ್ಕಿತು. ಎರಡು ಮಾತ್ರೆ ಒಟ್ಟಿಗೆ ನುಂಗಿದರೆ ಏನಾಗುತ್ತದೆ ಎಂದು ಹುಡುಕಬೇಕೆಂದು ಹೊಳೆಯಲೇ ಇಲ್ಲ. ಅದು ನಾನು ಬರೆದ ಚಾರ್ಟಿನಲ್ಲಿತ್ತಲ್ಲ, ಅದರಲ್ಲಿ ತಪ್ಪಿರುತ್ತದೆಯೇ?

ಒಂದು ಸಂಜೆ ಏಳೂವರೆ. ಮುಂದಿನ ಕೋಣೆಯಲ್ಲಿ ಟಿವಿ ನಡೆಯುತ್ತಿತ್ತು, ಸೌಂಡ್ ಕಡಿಮೆ ಮಾಡಿ ಮಗ ಸೊಸೆ ಇತ್ತ ಕಿವಿ ಇಟ್ಟಿದ್ದರು. ನಾನು ಒಂದು ಲೋಟ ಬೆಚ್ಚಗಿನ ಹಾಲು, ಕೈಯಲ್ಲಿ ಮೆಗ್ನೀಸಿಯಂ ಮಾತ್ರೆ ಹಿಡಿದು ಅಕ್ಕನ ಮಂಚದ ಅಂಚಿನಲ್ಲಿ ಕೂತೆ. ಡಾಕ್ಟರು ಮೊದಲೇ ಹೇಳಿದ ಹಾಗೆ ಅದನ್ನು ರಾತ್ರಿಗೇ ಹಾಕೋಣ, ಹಾಲಿನ ಜೊತೆ, ಶಕ್ತಿ ಬರುತ್ತದೆ ಎಂದೆ.

ಅಕ್ಕ ಲೋಟ ನೋಡಲಿಲ್ಲ, ನನ್ನನ್ನು ನೋಡಿದಳು. "ನೀನು ಹೇಳ್ತಿದೀಯಾ?"

"ಹೂಂ ಅಕ್ಕ."

"ಅವರು ಹೇಳಿಸ್ತಿದಾರೋ, ನೀನೇ ಹೇಳ್ತಿದೀಯೋ?"

"ನಾನೇ."

"ಇಂಗ್ಲಿಷಲ್ಲಿ ಹಂಗೇ ಬರೆದಿದೆಯಾ? ನಿಯಮದಿಂದಲೇ ಹಿಂಗಾಗಿದೆ ಅಂತ?"

ಬರೆದಿರಲಿಲ್ಲ. ಅವಳ ಊದಿದ ಮುಖ ನೋಡಿದೆ, ಮಂತ್ರದ ನಡುವೆ ನಿಂತುಹೋದ ಆ ದನಿ ನೆನಪಾಯಿತು. "ಹೂಂ, ಬರೆದಿದೆ," ಎಂದುಬಿಟ್ಟೆ.

ಅಕ್ಕ ಮೆಲ್ಲನೆ ಎದ್ದು ಕೂತಳು. ಆಮೇಲೆ, "ದೇವರ ಕೋಣೆ ಬಾಗಿಲು ಮುಂದಕ್ಕೆ ಹಾಕಿ ಬಾ," ಎಂದಳು. ಹೋಗಿ ಬಾಗಿಲು ಹಾಕಿ ಬಂದೆ. ಅವಳು ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅರ್ಧದಲ್ಲಿ ಒಮ್ಮೆ ನಿಲ್ಲಿಸಿ, ಕಿಟಕಿಯ ಕತ್ತಲನ್ನು ನೋಡಿ, ಮತ್ತೆ ಕುಡಿದಳು. ಟಿವಿಯ ಸೌಂಡು ಮೆಲ್ಲಗೆ ಏರಿತು.

ಮಾರನೆಯ ಬೆಳಿಗ್ಗೆ ಚಾರ್ಟಿನಲ್ಲಿ ಎರಡನೆಯ ಸಾಲಿಗೆ ಕಾಟು ಹೊಡೆದೆ.

ಅಕ್ಕ ಚೇತರಿಸಿಕೊಂಡಳು. ಒಂದೂವರೆ ತಿಂಗಳಲ್ಲಿ ಸ್ವೆಟರ್ ಬೀರುವಿಗೆ ಹೋಯಿತು. ದನಿ ತಿಳಿಯಾಯಿತು. ಒಂದು ಬೆಳಿಗ್ಗೆ ಫೋನಿನಲ್ಲಿ ಮಂತ್ರ ಪೂರ್ತಿ ಹೇಳಿ, "ನೋಡು, ಎಲ್ಲೂ ನಿಲ್ಲಲಿಲ್ಲ," ಎಂದಳು. ಮನೆಯಲ್ಲಿ ಎಲ್ಲರಿಗೂ ಒಂದೇ ಮಾತು: ನೋಡಿದ್ರಾ, ರಾತ್ರಿ ಹಾಲು ಕುಡಿದಿದ್ದಕ್ಕೆ ಎದ್ದರು. ಸೊಸೆ ಅರಕಲಗೂಡಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದಳು. ನಾನೂ ನಂಬಿದೆ. ಮಿಕ್ಕವರಿಗಿಂತ ಹೆಚ್ಚಾಗಿ ನಂಬಿದೆ. ನಂಬದಿದ್ದರೆ ನಾನು ಹೇಳಿದ ಸುಳ್ಳನ್ನು ಎಲ್ಲಿ ಇಟ್ಟುಕೊಳ್ಳಲಿ?

ಅಕ್ಕ ಮಾತ್ರ ಒಂದು ಸಲ, ನಾನು ಬಸ್ಸಿಗೆ ಹೊರಟಾಗ, ಬಾಗಿಲಲ್ಲಿ ನಿಂತು ಹೇಳಿದಳು: "ಇಷ್ಟು ವರ್ಷ ನಾನು ಇರುವೆಗೂ ಹಿಂಸೆ ಮಾಡಬಾರದು ಅಂತ ನೋಡಿ ನೋಡಿ ಹೆಜ್ಜೆ ಇಟ್ಟೆ. ಈ ದೇಹಕ್ಕೆ ನಾನೇ ಹಿಂಸೆ ಮಾಡ್ತಿದ್ದೆ ಅಂತ ಗೊತ್ತಾಗಲೇ ಇಲ್ವಲ್ಲೇ." ಕೈ ಬೀಸಿ ಒಳಗೆ ಹೋದಳು.

ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಕೂತಲ್ಲೇ ಡವಡವ, ಕೈ ನಡುಕ, ಬೆವರು. ಮತ್ತೆ ಹಾಸನ. ಅಂದು ಮಾಮೂಲಿ ಡಾಕ್ಟರು ರಜೆ, ಬದಲಿಗೆ ಒಬ್ಬ ಲೇಡಿ ಡಾಕ್ಟರ್ ಇದ್ದರು. ತುಂಬ ಚಿಕ್ಕವರು, ನನ್ನ ಕೊನೆಯ ಬ್ಯಾಚಿನ ಹುಡುಗಿಯರ ವಯಸ್ಸು. ಟಿಎಸ್‌ಎಚ್ ಈಗ ನೆಲ ಕಚ್ಚಿದೆ, ಡೋಸ್ ಜಾಸ್ತಿಯಾಗಿದೆ ಎಂದರು. ಅದೇ ನೂರರ ಮಾತ್ರೆ ಮೊದಲು ಸಾಲದಿದ್ದದ್ದು ಈಗ ಹೇಗೆ ಜಾಸ್ತಿಯಾಯಿತು ಎಂದು ಹಳೆಯ ಚೀಟಿಗಳನ್ನೆಲ್ಲ ತಿರುವಿದರು. ನಾನು ಬಾಯಿ ತೆರೆದೆ. ಅವರು ನನ್ನ ಕಡೆ ಕೈ ಅಡ್ಡ ಹಿಡಿದು, ಅಕ್ಕನಿಗೆ, "ಅಜ್ಜಿ, ನೀವು ಹೇಳಿ. ಬೆಳಿಗ್ಗೆ ಎದ್ದಾಗಿಂದ ಏನೇನು ನುಂಗ್ತೀರಾ?" ಎಂದರು.

ಅಕ್ಕನನ್ನು ಡಾಕ್ಟರೊಬ್ಬರು ನೇರವಾಗಿ ಕೇಳಿ, ಅವಳ ಉತ್ತರಕ್ಕೆ ಕಾದದ್ದು ಅದೇ ಮೊದಲಿರಬೇಕು. ಅವಳು ಸೆರಗು ಸರಿಮಾಡಿಕೊಂಡು ಪಾಠ ಒಪ್ಪಿಸುವವಳ ಹಾಗೆ ಹೇಳಿದಳು, "ಈಗ ಬೆಳಿಗ್ಗೆ ಒಂದೇ. ಮುಂಚೆ ಎರಡೂ ಒಟ್ಟಿಗೆ ನುಂಗ್ತಿದ್ದೆ. ನನ್ನ ತಂಗಿ ಚಾರ್ಟ್ ಬರೆದುಕೊಟ್ಟಿದ್ಳು."

"ಇನ್ನೊಂದು ಯಾವುದು?"

ಮಾತ್ರೆಯ ಹಾಳೆ ನನ್ನ ಹ್ಯಾಂಡ್‌ಬ್ಯಾಗಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ನೋಡಿದರು. ಹೆಸರನ್ನು ಒಂದು ಸಲ ಓದಿದರು, ಮತ್ತೆ ನನ್ನನ್ನು ನೋಡಿದರು. ಅವರು ಕನ್ನಡದಲ್ಲೇ ಹೇಳಲು ಹೊರಟಿದ್ದರು. "ಇದನ್ನ ಥೈರಾಯ್ಡ್ ಮಾತ್ರೆ ಜೊತೆಗೆ..." ಅನ್ನುವಷ್ಟರಲ್ಲಿ ನಾನು ಅಡ್ಡ ಬಂದು, "ಡಾಕ್ಟರ್, ಕೆನ್ ಯೂ ಪ್ಲೀಸ್ ಟೆಲ್ ಮಿ ಇನ್ ಇಂಗ್ಲಿಷ್?" ಎಂದೆ.

ಹೇಳಿದರು. ಮೆಗ್ನೀಸಿಯಂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ಎರಡರ ನಡುವೆ ಕಡಿಮೆಯೆಂದರೆ ನಾಲ್ಕು ಗಂಟೆ ಅಂತರ ಬೇಕು. ತಿಂಗಳುಗಟ್ಟಲೆ ಅವಳು ನುಂಗಿದ ಥೈರಾಯ್ಡ್ ಮಾತ್ರೆಯ ಬಹುಪಾಲು ಸುಮ್ಮನೆ ಹೊರಗೆ ಹೋಗಿದೆ, ಅದಕ್ಕೇ ಡೋಸ್ ಏರುತ್ತ ಹೋದದ್ದು. ರಾತ್ರಿಗೆ ಬದಲಾಯಿಸಿದ ಮೇಲೆ ಅಷ್ಟೂ ಮೈಗೆ ಹತ್ತುತ್ತಿದೆ, ಅದಕ್ಕೇ ಈ ಎದೆಬಡಿತ.

"ಮಸ್ಟ್ ಇಟ್ ಬಿ ನೈಟ್?" ಎಂದು ಕೇಳಿದೆ. 

"ನಾಟ್ ಅಟ್ ಆಲ್, ಮ್ಯಾಮ್. ಆಫ್ಟರ್‌ನೂನ್, ಈವ್ನಿಂಗ್, ಎನಿಟೈಮ್. ಫೋರ್ ಓ ಕ್ಲಾಕ್ ಈಸ್ ಫೈನ್."

ನಾಲ್ಕು ಗಂಟೆ. ಹಾಸನ ಜಿಲ್ಲೆಯಲ್ಲಿ ನಾಲ್ಕು ಗಂಟೆಗೆ ಹೊತ್ತು ಮುಳುಗುವ ದಿನ ವರ್ಷದಲ್ಲಿ ಒಂದೂ ಇಲ್ಲ.

"ಏನಂತೆ?" ಎಂದಳು ಅಕ್ಕ.

"ಡೋಸ್ ಕಮ್ಮಿ ಮಾಡ್ತಾರಂತೆ," ಎಂದೆ.

ಆಟೋದಲ್ಲಿ ಅಕ್ಕ ಗೆಲುವಾಗಿದ್ದಳು. ಆ ಹುಡುಗಿ ಡಾಕ್ಟರು ಎಷ್ಟು ಚೆನ್ನಾಗಿ ಕೇಳಿದಳು, ನಿನ್ನ ಬಾಯಿ ಮುಚ್ಚಿಸಿಬಿಟ್ಟಳಲ್ಲೇ ಎಂದು ನಕ್ಕಳು. "ಅಮ್ಮಾ, ಬಸ್‌ಸ್ಟ್ಯಾಂಡ್ ಒಳಿಕ್ಕೆ ಬುಡಲ್ಲ, ಗೇಟ್ ತಾವ ಇಳ್ಕಳಿ" ಎಂದು ಆಟೋದವನು ಕೂಗುತ್ತಿದ್ದ. ನಾನು ಅವಳನ್ನು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೂರಿಸಿ, ಮಗನಿಗೆ ಫೋನ್ ಮಾಡಿ ಹೇಳಿ ಮನೆಗೆ ಬಂದೆ. ಅವಳ ಜೊತೆ ಊರಿನವರೆಗೂ ಹೋಗುವುದು ನನ್ನಿಂದಾಗಲಿಲ್ಲ.

ಒಂಬತ್ತು ದಿನ ಹೇಳಲಿಲ್ಲ. ಹೇಳದಿದ್ದರೆ, ಇಪ್ಪತ್ತು ವರ್ಷದ ನಿಯಮ ತನ್ನ ದೇಹಕ್ಕೆ ಮಾಡಿದ ಹಿಂಸೆ ಎಂದುಕೊಂಡೇ ಅವಳು ಸಾಯುತ್ತಾಳೆ. ಹೇಳಿದರೆ, ಅದನ್ನು ಸುಮ್ಮಸುಮ್ಮನೆ ಮುರಿದೆ ಎಂದು ತಿಳಿದುಕೊಂಡು ಬದುಕಬೇಕು. ಒಂಬತ್ತು ಸಂಜೆ ಅವಳು ಹಾಲು ಕುಡಿದಳು, ಒಂಬತ್ತು ಸಂಜೆ ನಾನು ಇಲ್ಲಿ ಕೂತು ಗಡಿಯಾರ ನೋಡಿದೆ. ಬೋರ್ಡಿಂಗಿನಲ್ಲಿ ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಯ ಹತ್ತಿರ ತಪ್ಪು ಹೇಳಿಕೊಳ್ಳುವ ಕನ್ಫೆಷನ್‌ಗೆ ಸಾಲು ನಿಲ್ಲುತ್ತಿದ್ದರು. ನಾವು ಮಿಕ್ಕವರು ಚಾಪೆಲ್ ಹೊರಗಿನ ಬೆಂಚಿನ ಮೇಲೆ. ಅವರು ಪರದೆಯ ಆಚೆಯಿಂದ ಬರುವಾಗ ಮುಖ ತೊಳೆದುಕೊಂಡ ಹಾಗಿರುತ್ತಿತ್ತು, ಬಂದವರೇ ಕುಂಟೆಬಿಲ್ಲೆ ಆಡುತ್ತಿದ್ದರು. ನನಗೆ ಬಹಳ ಹೊಟ್ಟೆಕಿಚ್ಚಾಗುತ್ತಿತ್ತು. ಆ ಬೆಂಚಿನಿಂದ ನಾನು ಇನ್ನೂ ಎದ್ದಿಲ್ಲ.

ಹತ್ತನೆಯ ದಿನ ಹೋದೆ. ಅವರೆಕಾಯಿಯ ಕಾಲ. ಅಕ್ಕ ಹಿತ್ತಿಲ ಬಿಸಿಲಿನಲ್ಲಿ ಮೊರ ಇಟ್ಟುಕೊಂಡು ಸುಲಿಯುತ್ತಿದ್ದಳು. ಒಂದೊಂದು ಕಾಯಿಯನ್ನೂ ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದು, ಹುಳ ಇದ್ದರೆ ಆ ಸಿಪ್ಪೆಯ ಸಮೇತ ಗಿಡದ ಬುಡಕ್ಕೆ ಬಿಡುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಕನ್ನಡದಲ್ಲಿ, ಒಂದು ಇಂಗ್ಲಿಷ್ ಪದವೂ ಇಲ್ಲದೆ ಹೇಳಬೇಕೆಂದು ಬಸ್ಸಿನಲ್ಲಿ ಇಡೀ ದಾರಿ ಜೋಡಿಸಿಕೊಂಡು ಬಂದಿದ್ದೆ.

ಅವಳ ಕೈ ನಿಲ್ಲಲಿಲ್ಲ.

"ಹಂಗಾದ್ರೆ ಸಾಯಂಕಾಲ ನಾಲ್ಕಕ್ಕೆ ತಗೋಬಹುದಿತ್ತಾ?"

"ತಗೋಬಹುದಿತ್ತು."

"ಬಿಸಿಲಿರೋವಾಗ್ಲೇ?"

"ಹೂಂ."

"ಮತ್ತೆ ಅವತ್ತು ಇಂಗ್ಲಿಷಲ್ಲಿ ಬರೆದಿದೆ ಅಂದೆ?"

"ಬರೆದಿರಲಿಲ್ಲ ಅಕ್ಕ."

ಒಂದು ಕಾಯಿ ಬಿಡಿಸಿದಳು. ಹಸಿರು ಹುಳ ಇತ್ತು. ಎದ್ದು ಹೋಗಿ ಗಿಡದ ಬುಡದಲ್ಲಿಟ್ಟು ಬಂದು, ಮತ್ತೆ ಕೂತಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಸಾಕಾಗಿತ್ತು.

"ಈಗ ಗಂಟೆ ಎಷ್ಟು?"

"ನಾಲ್ಕೂ ಕಾಲು."

"ಮಾತ್ರೆ ತಗೊಂಡು ಬಾ. ನೀರೂ ತಾ."

ಬಸದಿಯಲ್ಲಿ ಆಗ ಒಬ್ಬರು ಮಾತಾಜಿ ಬಂದು ಇಳಿದುಕೊಂಡಿದ್ದರು. ಮಾರನೆಯ ದಿನ ಅಕ್ಕ ನನ್ನ ಕೈ ಹಿಡಿದುಕೊಂಡು ಹೋಗಿ, ನಿಯಮ ಮುರಿಯಿತು, ಪ್ರಾಯಶ್ಚಿತ್ತ ಕೊಡಿ ಎಂದು ಕೇಳಿದಳು. ಹೇಗೆ, ಯಾರಿಂದ ಎಂದು ಅವಳು ಹೇಳಲಿಲ್ಲ. ನಾನೇ ಹೇಳಿದೆ. ಮಾತಾಜಿ ಎಲ್ಲ ಕೇಳಿ, ಎಂಟು ದಿನ ಏಕಭುಕ್ತ, ಅಂದರೆ ದಿನಕ್ಕೆ ಒಂದೇ ಊಟ, ಜೊತೆಗೆ ಇಷ್ಟು ಜಪ ಎಂದರು. ಔಷಧಿ ಬಿಡಬೇಡ, ಹೊತ್ತಿರುವವರೆಗೆ ನೀರು ಕುಡಿ, ಆಗದಿದ್ದರೆ ನಿಲ್ಲಿಸು ಎಂದೂ ಹೇಳಿದರು.

"ಅದನ್ನ ನನಗೆ ಕೊಡಿ ಮಾತಾಜಿ," ಎಂದೆ. "ತಪ್ಪು ನನ್ನದು. ಅವಳಿಗೆ ಆಗಲ್ಲ, ನಾನು ಮಾಡ್ತೀನಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ನೀನು ರಾತ್ರಿ ಉಣ್ಣುತ್ತೀಯಾ?"

"ಹೂಂ."

"ಇದು ನಿಯಮ ಮುರಿದವರಿಗೆ ಕೊಡೋದಮ್ಮ. ನಿನಗೆ ಮುರಿಯೋಕೆ ನಿಯಮವೇ ಇಲ್ವಲ್ಲ."

ಹಾಸನದ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅವರು ಒಲ್ಲದ ಮನಸ್ಸಿನಿಂದ ಹೂಂ ಅಂದ ಮೇಲೆ, ಅಕ್ಕ ಎಂಟು ದಿನ ಮಾಡಿದಳು. ನಾನು ಅಲ್ಲೇ ಇದ್ದೆ. ಆರನೆಯ ದಿನ ಅವಳು ಗೋಡೆ ಹಿಡಿದು ನಡೆದಳು. ನಿಲ್ಲಿಸು ಎಂದರೆ ತಲೆಯಾಡಿಸಿದಳು. ಎಲ್ಲ ತಿಳಿದ ಮೇಲೆ ಮಗ ನನ್ನೊಡನೆ ಮಾತು ಬಿಟ್ಟಿದ್ದ. ಸೊಸೆ ಮಾತ್ರ, "ಬಿಡಿ ಚಿಕ್ಕಮ್ಮ, ನಾವೂ ತಾನೇ ನಿಮ್ಮನ್ನ ತಳ್ಳಿದ್ದು," ಎಂದು ನನ್ನ ತಟ್ಟೆಗೆ ಬಡಿಸಿದಳು. ನಾನು ಹಸಿವಾದಾಗ ಉಂಡೆ. ಕತ್ತಲಲ್ಲೂ ಉಂಡೆ.

ಅದಾಗಿ ಈಗ ವರ್ಷವಾಗುತ್ತ ಬಂತು. ಡೋಸ್ ಮತ್ತೆ ಐವತ್ತಕ್ಕೆ ಇಳಿದಿದೆ, ಅಕ್ಕ ತಕ್ಕಮಟ್ಟಿಗೆ ಇದ್ದಾಳೆ. ಬಸದಿಯವರೆಗೆ ನಡೆಯುವಷ್ಟು ಕಾಲು ಮರಳಿ ಬರಲಿಲ್ಲ. ಆ ಚಾರ್ಟನ್ನು ತೆಗೆಯಲು ಹೋದರೆ, "ಇರಲಿ ಬಿಡೇ, ಸೂರ್ಯ ಚೆನ್ನಾಗಿದಾನೆ," ಎಂದಳು. ದಿನಾ ನಾಲ್ಕೂ ಕಾಲಿಗೆ ಫೋನ್ ಮಾಡುತ್ತಾಳೆ. ಎರಡೇ ಮಾತು. "ತಗೊಂಡೆ ಕಣೇ. ಇನ್ನೂ ಬಿಸಿಲಿದೆ." ಕ್ಷಮಿಸು ಎಂದು ನಾನು ಹೇಳಲು ಬಾಯಿ ತೆರೆಯುವ ಹೊತ್ತಿಗೆ ಫೋನ್ ಇಟ್ಟಿರುತ್ತಾಳೆ.

ನಿನ್ನೆ ನಾಲ್ಕೂ ಕಾಲಿಗೆ ಫೋನ್ ಬರಲಿಲ್ಲ. ಐದಾಯಿತು, ಐದೂವರೆಯಾಯಿತು. ನಾನೇ ಮಾಡಿದರೆ ಎತ್ತಲಿಲ್ಲ. ಮತ್ತೂ ಅರ್ಧ ಗಂಟೆ ಕಳೆದ ಮೇಲೆ ಅವಳೇ ಮಾಡಿದಳು. ಮಲಗಿಬಿಟ್ಟಿದ್ದಳಂತೆ, ಮಾತ್ರೆ ಮರೆತಿದ್ದಳಂತೆ, ಮಗ ಸೊಸೆ ಇನ್ನೂ ಬಂದಿಲ್ಲವಂತೆ.

"ಮೋಡ ಕಣೇ. ನನ್ನ ಕಣ್ಣಿಗೆ ಗೊತ್ತಾಗ್ತಿಲ್ಲ. ಹೊತ್ತು ಇದೆಯೋ ಮುಳುಗಿತೋ ನೋಡಿ ಹೇಳು. ಲೋಟ ಕೈಯಲ್ಲೇ ಹಿಡ್ಕೊಂಡಿದೀನಿ."

ಮತ್ತೆ ನನ್ನನ್ನೇ ಕೇಳುತ್ತಿದ್ದಾಳೆ! ಫೋನ್ ಕಿವಿಗಿಟ್ಟುಕೊಂಡೇ ತಾರಸಿಗೆ ಹತ್ತಿದೆ. ಇಲ್ಲೂ ಮೋಡ. ಪಡುವಣದಲ್ಲಿ ನೀರಿನ ಟ್ಯಾಂಕಿನ ಹಿಂದೆ ಒಂದಿಷ್ಟು ಕೆಂಪು ಇತ್ತು. ಸೂರ್ಯ ಇದ್ದಾನೋ, ಹೋದ ಮೇಲೆ ಉಳಿದ ಬಣ್ಣವೋ ತಿಳಿಯಲಿಲ್ಲ. ಹಾಸನದಲ್ಲಿ ಹೀಗಿದ್ದರೆ ಚನ್ನರಾಯಪಟ್ಟಣದಲ್ಲಿ ಹೇಗಿದೆಯೋ. ಇದೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ನನಗೆ ಗೊತ್ತಾಗ್ತಿಲ್ಲ ಅಕ್ಕ," ಎಂದೆ.

 ಆ ಕಡೆ ಲೋಟವನ್ನು ಕಟ್ಟೆಯ ಮೇಲೆ ಇಟ್ಟ ಶಬ್ದ ಕೇಳಿಸಿತು.

"ಹಂಗಾದ್ರೆ ಇವತ್ತು ಬೇಡ ಬಿಡು. ನಾಳೆ ತಗೋತೀನಿ."

ರಾತ್ರಿ ಅವಳ ಕಾಲು ಹಿಡಿದುಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.  ಟ್ಯಾಂಕಿನ ಹಿಂದಿನ ಕೆಂಪು ಪೂರ್ತಿ ಹೋಗುವವರೆಗೂ ಅಲ್ಲೇ ನಿಂತಿದ್ದು, ಕೆಳಗಿಳಿದು ಬಂದು, ಲೈಟು ಹಾಕಿ, ಮಧ್ಯಾಹ್ನದ ಅನ್ನ ಬಿಸಿ ಮಾಡಿಕೊಂಡೆ.